ತಪ್ಪು ಜಾಗದಲ್ಲಿ ಒಡೆದ ಪದ: ಫ್ರೆಂಚಿನ 'ಇನೊಕ್ಸಿದಾಬ್ಲ್' ಕುರಿತು ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನಲ್ಲಿ ಡೈರಿಗಳಿಗೆ ಪಂಪು, ವಾಲ್ವು ಮಾಡಿಕೊಡುವ ಒಂದು ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿರುವ ಇಂಜಿನಿಯರ್ ಒಬ್ಬರು ನನ್ನ ಹತ್ತಿರ ಫ್ರೆಂಚ್ ಕಲಿಯುತ್ತಿದ್ದಾರೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರ ಕಾರ್ಖಾನೆಗೆ ಫ್ರಾನ್ಸಿನ ಲಿಯಾನ್ ಹತ್ತಿರದ ಗಿರಾಕಿಗಳಿದ್ದಾರೆ. ಇಲ್ಲಿಯವರೆಗೆ ಇಂಗ್ಲಿಷಿನಲ್ಲೇ ಮಾತುಕತೆ ನಡೆಯುತ್ತಿತ್ತು. ಈ ಸಲ ಹೊಸ ಪಂಪಿನ ವಿವರವನ್ನು ಫ್ರೆಂಚಿನಲ್ಲೇ ಹೇಳುತ್ತೇನೆ ಅಂತ ಆಕೆಯೇ ಮುಂದೆ ಬಂದರು. ಅದು ದೊಡ್ಡ ಧೈರ್ಯ, ಮೊದಲೇ ಹೇಳಿಬಿಡುತ್ತೇನೆ.

ವಿಡಿಯೋ ಕಾಲ್ ಒಟ್ಟಿನಲ್ಲಿ ಚೆನ್ನಾಗಿಯೇ ಆಯಿತು. ಎಡವಿದ್ದು ಒಂದೇ ಪದದಲ್ಲಿ. ಅದು ಇಡೀ ವಿವರಣೆಯ ಮುಖ್ಯ ಪದ: 'ಅಸ್ಯೇ ಇನೊಕ್ಸಿದಾಬ್ಲ್'. ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಪಂಪಿನ ಕೇಸಿಂಗ್ 316 ಎಲ್ ದರ್ಜೆಯದು. ಹಾಲು ಹರಿಯುವ ಜಾಗ, ತುಕ್ಕು ಹಿಡಿಯುವಂತಿಲ್ಲ. ಆಕೆ ಅದನ್ನೇ ಹೇಳಿದರು. ಆದರೆ ಆ ಕಡೆಯ ಒಬ್ಬರು ವರ್ಕ್‌ಶಾಪಿನಿಂದ ಫೋನಿನಲ್ಲಿ ಸೇರಿಕೊಂಡಿದ್ದರು. ಅವರಿಗೆ ಸ್ಲೈಡ್ ಕಾಣುತ್ತಿರಲಿಲ್ಲ, ಕಿವಿಗೆ ಬಿದ್ದದ್ದಷ್ಟೇ. ಅವರು ನಡುವೆ ತಡೆದು ಕೇಳಿದರು: "ಒಕ್ಸಿದಾಬ್ಲ್?" ಅಂದರೆ 'ತುಕ್ಕು ಹಿಡಿಯುವಂಥದ್ದಾ?' ಆಕೆ ಅದು ತಮ್ಮ ಪದದ ಅರ್ಧ ಅಂದುಕೊಂಡು "ವುಯಿ", ಅಂದರೆ 'ಹೌದು', ಅಂದುಬಿಟ್ಟರು. ಮಾರನೇ ದಿನ ಮೇಲ್ ಬಂತು. ಕೇಸಿಂಗ್ ಮಾಮೂಲಿ ಕಾರ್ಬನ್ ಸ್ಟೀಲಿನದೇ? ಹಾಗಿದ್ದರೆ ಒಳಗಡೆ ಯಾವ ಲೇಪನ ಕೊಡುತ್ತೀರಿ?

ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಅರ್ಥ ಹೋಗಿತ್ತು. ಮೇಲ್‌ಗೆ ಉತ್ತರ ಬರೆದು ಸರಿ ಮಾಡಿದ್ದಾಯಿತು, ನಷ್ಟವೇನೂ ಆಗಲಿಲ್ಲ. ಆದರೆ ಆಕೆಗೆ ಅದು ಚುಚ್ಚಿತ್ತು. ಮುಂದಿನ ಪಾಠಕ್ಕೆ ಕಾಲ್‌ನ ರೆಕಾರ್ಡಿಂಗ್ ಮತ್ತು ಸ್ಲೈಡ್ ಎರಡನ್ನೂ ಹಿಡಿದುಕೊಂಡೇ ಬಂದರು.

ಸ್ಲೈಡ್‌ನಲ್ಲಿ ಕಂಡದ್ದು

ಮೊದಲು ಸ್ಲೈಡ್ ತೆರೆದೆವು. ಒಂದು ಕೋಷ್ಟಕ, ಎಡಗಡೆ ಭಾಗದ ಹೆಸರು, ಬಲಗಡೆ ಲೋಹ. ಬಲಗಡೆಯ ಕಾಲಂ ಬಹಳ ಕಿರಿದು. ಹತ್ತು ಅಕ್ಷರದ ಪದ ಒಂದು ಸಾಲಿನಲ್ಲಿ ಹಿಡಿಸಿರಲಿಲ್ಲ. ಆಕೆಯೇ ಗೆರೆ ಹಾಕಿ ಅದನ್ನು ಒಡೆದಿದ್ದರು. ಮೇಲಿನ ಸಾಲಿನ ಕೊನೆಯಲ್ಲಿ 'ಐ, ಎನ್' ಎರಡೇ ಅಕ್ಷರ. ಕೆಳಗಿನ ಸಾಲಿನಲ್ಲಿ ಉಳಿದ ಎಂಟು: ಓ, ಎಕ್ಸ್, ವೈ, ಡಿ, ಎ, ಬಿ, ಎಲ್, ಇ.

ಅರ್ಥದ ಲೆಕ್ಕದಲ್ಲಿ ಇದು ಸರಿಯೇ. 'ಐ-ಎನ್' ಅನ್ನುವುದು 'ಅಲ್ಲದ' ಅನ್ನುವ ಉಪಸರ್ಗ. 'ಒಕ್ಸಿದಾಬ್ಲ್' ಅಂದರೆ ಆಕ್ಸಿಜನ್ ಜೊತೆ ಸೇರಿ ತುಕ್ಕಾಗುವ. ಎರಡೂ ಸೇರಿ 'ತುಕ್ಕು ಹಿಡಿಯದ'. ಪದ ಹೇಗೆ ಕಟ್ಟಿದೆ ಅಂತ ನೋಡಿದರೆ ಒಡೆಯಬೇಕಾದ ಜಾಗ ಅದೇ. ಆದರೆ ಬಾಯಿ ಆ ಜಾಗದಲ್ಲಿ ಒಡೆಯುವುದಿಲ್ಲ. ಈ ಪ್ರಕರಣದ ಎಲ್ಲ ತೊಂದರೆ ಹುಟ್ಟಿದ್ದು ಇಲ್ಲೇ. ಆಕೆ ಕಾಲ್‌ನಲ್ಲಿ ಸ್ಲೈಡ್ ನೋಡಿಕೊಂಡು ಓದಿದರು, ಗೆರೆ ಇದ್ದಲ್ಲಿ ನಿಂತರು.

ಕಿವಿಗೆ ಬಿದ್ದದ್ದು

ರೆಕಾರ್ಡಿಂಗ್ ನಿಧಾನವಾಗಿ ಕೇಳಿದಾಗ ಆಕೆ ಹೇಳಿದ್ದು ಸುಮಾರು ಹೀಗಿತ್ತು: 'ಅಸ್ಯೇ… ಆ್ಯಂ-ನೊಕ್ಸಿಡಬಲ್'. ಒಂದೇ ಪದದಲ್ಲಿ ಮೂರ್ನಾಲ್ಕು ಸಂಗತಿಗಳು ಸೇರಿಕೊಂಡಿವೆ. ಒಂದೊಂದೇ ಬಿಡಿಸಿದೆವು.

ಮೊದಲನೆಯದು ಮೂಗಿನ ಸ್ವರ. 'ಆ್ಯಂ' ಅಂತ ಬರೆದೆನಲ್ಲ, ಅದನ್ನು ನಮ್ಮ ಅನುಸ್ವಾರದ ಹಾಗೆ 'ಮ್' ಅಂತ ಮುಗಿಸಬಾರದು. ಫೋನಿನಲ್ಲಿ "ಹಾಂ, ಹೇಳಿ" ಅನ್ನುವಾಗ ತುಟಿ ಮುಚ್ಚುವುದಿಲ್ಲ, ನಾಲಿಗೆ ಎಲ್ಲೂ ತಾಗುವುದಿಲ್ಲ, ಸ್ವರ ಸುಮ್ನೆ ಮೂಗಿನಿಂದ ಹೊರಟು ಹೋಗುತ್ತದೆ. ಹಾಗೆ. ಫ್ರೆಂಚಿನಲ್ಲಿ 'ಐ-ಎನ್' ಎಷ್ಟೋ ಪದಗಳಲ್ಲಿ ಈ ಸ್ವರವನ್ನೇ ಕೊಡುತ್ತದೆ. ಆಕೆ ಮೊದಲ ಪಾಠದಲ್ಲೇ ಕಲಿತ ವಾಕ್ಯ 'ನಾನು ಇಂಜಿನಿಯರ್'. ಫ್ರೆಂಚಿನ 'ಇಂಜಿನಿಯರ್' ಶುರುವಾಗುವುದೇ ಈ 'ಆ್ಯಂ'ನಿಂದ. ಆಮೇಲೆ ಕಲಿತ 'ಆ್ಯಂದುಸ್ತ್ರಿಯೆಲ್' ಕೂಡ ಹಾಗೇ, ಕೈಗಾರಿಕೆಗೆ ಸಂಬಂಧಪಟ್ಟ ಅನ್ನುವ ಅರ್ಥದ ವಿಶೇಷಣ. ಹೀಗೆ ಅವರ ಕೆಲಸದ ಪದಗಳೇ 'ಐ-ಎನ್ ಕಂಡರೆ ಮೂಗು' ಅಂತ ಅಭ್ಯಾಸ ಮಾಡಿಸಿಬಿಟ್ಟಿದ್ದವು.

"ಮೇಡಂ, ಪುಸ್ತಕದಲ್ಲೂ ಹಾಗೇ ಇದೆಯಲ್ವಾ?" ಅಂತ ಕೇಳಿದರು.

"ಇದೆ. ಆದರೆ ಆ ಎನ್ ಯಾವ ತುಂಡಿಗೆ ಸೇರಿದ್ದು ಅಂತ ಮೊದಲು ನೋಡಬೇಕು ನೀವು. ಹಿಂದಿನ ಸ್ವರಕ್ಕಾ, ಮುಂದಿನ ಸ್ವರಕ್ಕಾ?"

ಇಡೀ ಪಾಠದ ತಿರುಳು ಇಷ್ಟೇ. ಫ್ರೆಂಚಿನಲ್ಲಿ ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸ್ವರದ ಜೊತೆ ಹೋಗುತ್ತದೆ. ಎನ್ ಆದ ಮೇಲೆ ಬೇರೆ ವ್ಯಂಜನ ಬಂದರೆ, ಅಥವಾ ಪದವೇ ಮುಗಿದರೆ, ಎನ್ ಹಿಂದೆಯೇ ಉಳಿದು ಸ್ವರವನ್ನು ಮೂಗಿಗೆ ಎಳೆಯುತ್ತದೆ, ತಾನು ಮಾತ್ರ ಕೇಳಿಸುವುದಿಲ್ಲ. ಮುಂದೆ ಸ್ವರ ಇದ್ದರೆ ಎನ್ ಆ ಕಡೆ ಹಾರುತ್ತದೆ, ಹಿಂದಿನ 'ಇ' ಶುದ್ಧವಾಗಿ 'ಇ' ಆಗಿಯೇ ಉಳಿಯುತ್ತದೆ. ಇಲ್ಲಿ ಎನ್ ಮುಂದೆ ಇರುವುದು 'ಓ'. ಹಾಗಾಗಿ ಇ-ನೊಕ್-ಸಿ-ದಾಬ್ಲ್. ಮೂಗಿಗೆ ಇಲ್ಲಿ ಕೆಲಸವೇ ಇಲ್ಲ.

ವೆಲ್ಡಿಂಗ್‌ನವರಿಗೆ ಗೊತ್ತಿರುವ ಇನ್ನೊಂದು ವಿಶೇಷಣ ತಗೊಳ್ಳಿ. ಟಿಗ್ ವೆಲ್ಡಿಂಗ್‌ನಲ್ಲಿ ಆರ್ಗಾನ್ ಬಿಡುತ್ತಾರಲ್ಲ, ಆ ಜಡ ಅನಿಲಕ್ಕೆ ಫ್ರೆಂಚಿನಲ್ಲಿ 'ಗಾಜ಼್ ಇನೆರ್ತ್'. ಅಲ್ಲೂ ಇ-ನೆರ್ತ್. ವಾಸನೆಯಿಲ್ಲದ್ದಕ್ಕೆ ಇ-ನೊ-ದೋರ್. ಆದರೆ ನೀರು ಇಳಿಯದ್ದಕ್ಕೆ 'ಆ್ಯಂಪೆರ್ಮೆಆಬ್ಲ್': 'ಐ-ಎಮ್' ಆದ ಮೇಲೆ 'ಪಿ' ಬಂತು, ಎಮ್ ಹಿಂದೆ ಉಳಿಯಿತು, ಮೂಗಿನ ಸ್ವರ. ಉಪಸರ್ಗ ಅದೇ, ಅರ್ಥ ಅದೇ, ಉಚ್ಚಾರ ಮಾತ್ರ ಎರಡು ಥರ. ಹೆಚ್ ಅಕ್ಷರ ನಡುವೆ ಬಂದರೂ ಲೆಕ್ಕಕ್ಕಿಲ್ಲ. ಅಮಾನವೀಯ ಅನ್ನುವ ಪದದಲ್ಲಿ ಎನ್ ಆದ ಮೇಲೆ ಹೆಚ್ ಇದೆ. ಅದು ಮೌನವಾಗಿರುವುದರಿಂದ ಎನ್ ಸೀದಾ ಸ್ವರಕ್ಕೆ ಅಂಟಿಕೊಂಡು 'ಇ-ನು…' ಅಂತಲೇ ಶುರುವಾಗುತ್ತದೆ. ಈ ನಿಯಮ ಮೀರುವ ಪದಗಳೂ ಇವೆ. ಮತ್ತೇರಿಸು ಅನ್ನುವ ಕ್ರಿಯಾಪದ 'ಆಂ-ನಿ-ವ್ರೆ', ಸ್ವರದ ಮುಂದೆಯೂ ಮೂಗು ಬಿಡದು. ತಿನ್ನಲಾಗದ್ದಕ್ಕೆ 'ಆ್ಯಂ-ಮಾಂಝಾಬ್ಲ್', ಆದರೆ ಅದೇ ಥರ ಎರಡು ಎಮ್ ಇರುವ, ಅಲುಗದ್ದು ಅನ್ನುವ ಪದ 'ಇ-ಮೊ-ಬಿಲ್'. ಇವು ಕೆಲವೇ. ಬಾಯಿಪಾಠ ಮಾಡಿಕೊಂಡರೆ ಸಾಕು.

ಈಗ ಆ ಫೋನಿನವರ ಕಿವಿಗೆ ಬರೋಣ. ಫ್ರೆಂಚಿನಲ್ಲಿ 'ಒಂದು' ಅನ್ನುವ ಪುಲ್ಲಿಂಗದ ಪದ ಪ್ಯಾರಿಸ್ ಮತ್ತು ಉತ್ತರದ ಕಡೆಯವರ ಬಾಯಲ್ಲಿ ಹೆಚ್ಚಾಗಿ ಇದೇ 'ಆ್ಯಂ'. ಅದರ ಮುಂದೆ ಸ್ವರ ಬಂದರೆ ಮೂಗಿನ ಸ್ವರವೂ ಉಳಿದು, ಎನ್ ಕೂಡ ಮುಂದಿನ ಸ್ವರಕ್ಕೆ ಹೋಗಿ ಕೂಡಿಕೊಳ್ಳುತ್ತದೆ. ಅಂದರೆ 'ಒಂದು ತುಕ್ಕು ಹಿಡಿಯುವ' ಅನ್ನುವುದು 'ಆ್ಯಂ-ನೊಕ್ಸಿದಾಬ್ಲ್'. ನಮ್ಮ ಇಂಜಿನಿಯರ್ ಹೇಳಿದ್ದು ಅಕ್ಷರಶಃ ಅದೇ! ಅದರ ಹಿಂದೆ ಒಂದು ತಡೆ ಬೇರೆ. ಕೇಳುವವನ ತಪ್ಪೇನೂ ಇಲ್ಲ, ಅವನಿಗೆ ಕೇಳಿಸಿದ್ದು 'ಉಕ್ಕು… ಒಂದು ತುಕ್ಕು ಹಿಡಿಯುವ'. ಒಂದು ಎನ್ ಹಿಂದೆ ಉಳಿದದ್ದಕ್ಕೆ 'ಅಲ್ಲದ' ಅನ್ನುವ ಅರ್ಥ ಪದದಿಂದ ಕಳಚಿ 'ಒಂದು' ಆಗಿಬಿಟ್ಟಿತು.

ಒತ್ತು ಬಿದ್ದ ಜಾಗ ಅದನ್ನು ಇನ್ನೂ ಹೆಚ್ಚಿಸಿತು. ಇಂಗ್ಲಿಷ್ ಅಭ್ಯಾಸದಿಂದ ಆಕೆ 'ಆ್ಯಂ' ಮೇಲೆ ಒತ್ತು ಹಾಕಿದ್ದರು, 'ಅಲ್ಲದ' ಅನ್ನುವುದು ಎದ್ದು ಕಾಣಲಿ ಅಂತ. ಫ್ರೆಂಚಿನಲ್ಲಿ ಒತ್ತು ಬೀಳುವುದು ಪದಗುಚ್ಛದ ಕೊನೆಯ ತುಂಡಿನ ಮೇಲೆ. ಎಲ್ಲಿ ಒತ್ತು ಬಿತ್ತೋ ಅಲ್ಲಿ ಗುಚ್ಛ ಮುಗಿಯಿತು ಅಂತ ಫ್ರೆಂಚ್ ಕಿವಿ ತಿಳಿಯುತ್ತದೆ. ಮೊದಲ ತುಂಡಿಗೆ ಒತ್ತು ಕೊಟ್ಟರೆ ಪದ ಅಲ್ಲೇ ಎರಡಾಗಿ ಕೇಳಿಸುತ್ತದೆ. ಸ್ಪಷ್ಟವಾಗಲಿ ಅಂತ ಮಾಡಿದ್ದೇ ಗೊಂದಲಕ್ಕೆ ಕಾರಣವಾಯಿತು. ನನಗೆ ಈ ಪ್ರಕರಣದಲ್ಲಿ ಅತಿ ಮುಖ್ಯ ಅನ್ನಿಸಿದ್ದು ಇದೇ.

ಎಕ್ಸ್ ಮತ್ತು ವೈ

ಮುಂದಿನ ಗಂಟು 'ಎಕ್ಸ್'. ಬರೆಯಲು ಒಂದು ಅಕ್ಷರ, ಬಾಯಲ್ಲಿ ಎರಡು ಧ್ವನಿ. 'ಕ್' ಹಿಂದಿನ ತುಂಡಿಗೆ, 'ಸ್' ಮುಂದಿನ ತುಂಡಿಗೆ: ನೊಕ್-ಸಿ. ಕಾಗದದ ಮೇಲೆ ಹೀಗೆ ಒಡೆಯಲು ಬರುವುದಿಲ್ಲ, ಏಕೆಂದರೆ ಒಂದು ಅಕ್ಷರವನ್ನು ಅರ್ಧ ಮಾಡುವ ಹಾಗಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪದ ಒಡೆಯಲು ಹೇಳಿದಾಗ ಎಕ್ಸ್ ಅನ್ನು ಮುಂದಿನ ತುಂಡಿಗೆ ಹಾಕಿ ಒಟ್ಟು ಐದು ತುಂಡು ಮಾಡಿಸುತ್ತಾರೆ. ಅದು ಬರವಣಿಗೆಯ ಲೆಕ್ಕ. ಬಾಯಲ್ಲಿ ಇರುವುದು ನಾಲ್ಕೇ.

ಇದನ್ನು ಕನ್ನಡದವರಿಗೆ ವಿವರಿಸುವುದು ಬಹಳ ಸುಲಭ. ನಾವು 'ಪಕ್ಷಿ' ಅಂತ ಬರೆಯುವಾಗ 'ಪ' ಬೇರೆ, 'ಕ್ಷಿ' ಬೇರೆ. ಆದರೆ ಬಾಯಿ ಹೇಳುವುದು ಪಕ್-ಷಿ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕುವಾಗ ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಕಲಿಸುತ್ತಾರಲ್ಲ, ಅದಕ್ಕೆ ಕಾರಣವೇ ಇದು. ಮುಂದಿನ ಒತ್ತಿನ ಮೊದಲ ವ್ಯಂಜನ ಹಿಂದಕ್ಕೆ ಬಂದು ಆ ಅಕ್ಷರವನ್ನು ಮುಚ್ಚುತ್ತದೆ, ಅದು ಭಾರ ಆಗುತ್ತದೆ. ಫ್ರೆಂಚಿನಲ್ಲಿ ಗುರು-ಲಘು ಎಣಿಸುವ ಛಂದಸ್ಸು ಇಲ್ಲ. ಆದರೆ ಎಲ್ಲಿ ಮುಚ್ಚುತ್ತದೆ, ಎಲ್ಲಿ ತೆರೆದಿರುತ್ತದೆ ಅಂತ ಕೇಳುವ ಕಿವಿ ಪ್ರಸ್ತಾರ ಹಾಕಿದವರಿಗೆ ಆಗಲೇ ಇದೆ. ಇದನ್ನು ಹೇಳಿದ ತಕ್ಷಣ ಆಕೆ ಪೆನ್ನು ತಗೊಂಡು 'ನೊಕ್' ಮೇಲೆ ಗುರುವಿನ ಗುರುತು ಹಾಕಿದರು. ನಾನು ಹಾಕಿಸಿದ್ದಲ್ಲ, ಅವರೇ ಹಾಕಿದ್ದು.

ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಎರಡನೇ ವ್ಯಂಜನ 'ಲ' ಅಥವಾ 'ರ' ಆದರೆ ಫ್ರೆಂಚ್ ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೆ ಮುಂದಿನ ತುಂಡಿಗೆ ಕಳಿಸುತ್ತದೆ. ನೀರಿಗೆ ಸಂಬಂಧಪಟ್ಟ ಪದಗಳ ಮೊದಲಲ್ಲಿ ಬರುವ 'ಇದ್ರೋ' ಒಡೆಯುವುದು ಇ-ದ್ರೋ ಅಂತ, 'ಇದ್-ರೋ' ಅಲ್ಲ. ಹಳಗನ್ನಡದಲ್ಲೂ ಕೆಲವು ಒತ್ತುಗಳು ಹಿಂದಿನ ಅಕ್ಷರವನ್ನು ಗುರು ಮಾಡದೆ ತೇಲಿಸಿ ಬಿಡುತ್ತಿದ್ದವು. ಅದಕ್ಕೆ ಶಿಥಿಲದ್ವಿತ್ವ ಅಂತ ಹೆಸರಿದೆ.

ಎಕ್ಸ್ ಯಾವಾಗಲೂ 'ಕ್ಸ್' ಅಲ್ಲ. ಪದ 'ಇ, ಎಕ್ಸ್' ಅಕ್ಷರಗಳಿಂದ ಶುರುವಾಗಿ ಮುಂದೆ ಸ್ವರ ಇದ್ದರೆ 'ಗ್ಜ಼್': 'ಎಗ್ಜ಼ಾಕ್ತ್'. 'ಸುವಾಸಾಂತ್' ಅಂದರೆ ಅರವತ್ತು, ಅಲ್ಲಿ ಬರೀ 'ಸ'. ಬ್ರಸೆಲ್ಸ್ ಪಟ್ಟಣದ ಫ್ರೆಂಚ್ ಹೆಸರಿನಲ್ಲಿ ಎಕ್ಸ್ ಬರೆದರೂ ಹೇಳುವುದು 'ಬ್ರುಸೆಲ್'. ನಮ್ಮ ಪದದಲ್ಲಿ ಹಿಂದೆ 'ಓ' ಇದೆ. ಟ್ಯಾಕ್ಸಿಯ ಹಾಗೆ 'ಕ್ಸ್' ಅಂದರಾಯಿತು.

'ವೈ' ಎಲ್ಲಿಂದ ಬಂತು? 1787ರಲ್ಲಿ ಗಿಟೋನ್ ದ ಮೊರ್ವೋ, ಲವಾಸಿಯೆ, ಬೆರ್ತೊಲೆ, ಫೂರ್ಕ್ರುವಾ ಅನ್ನುವ ನಾಲ್ವರು ಫ್ರೆಂಚ್ ವಿಜ್ಞಾನಿಗಳು ಸೇರಿ ರಸಾಯನಶಾಸ್ತ್ರಕ್ಕೆ ಹೊಸ ಹೆಸರುಗಳ ಪದ್ಧತಿ ಕೊಟ್ಟರು. 'ಒಕ್ಸೀದ್', ಅಂದರೆ ಆಕ್ಸೈಡ್, ಆಗ 'ವೈ' ಬದಲು 'ಐ' ಅಕ್ಷರದಿಂದಲೇ ಬರೆಯುತ್ತಿದ್ದ ಪದ. ಇಂಗ್ಲಿಷ್ ಆ ಹಳೇ ರೂಪವನ್ನೇ ಉಳಿಸಿಕೊಂಡಿದೆ. ಫ್ರೆಂಚಿನವರು ಆಮೇಲೆ ಗ್ರೀಕ್ ಮೂಲ ಕಾಣಲಿ ಅಂತ 'ವೈ' ಹಾಕಿಕೊಂಡರು. ಉಚ್ಚಾರ ಬದಲಾಗಲಿಲ್ಲ, ಸುಮ್ನೆ 'ಇ'.

ಲೋಹದ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಇಂಜಿನಿಯರ್‌ಗಳಿಗೆ ಇಷ್ಟವಾಗುವಂಥದ್ದು. ಕ್ರೋಮಿಯಂ ಬೆರೆತ ಕಬ್ಬಿಣ ಆಮ್ಲವನ್ನು ಚೆನ್ನಾಗಿ ತಡೆಯುತ್ತದೆ ಅಂತ 1821ರಲ್ಲೇ ಫ್ರಾನ್ಸಿನ ಪಿಯೇರ್ ಬೆರ್ತಿಯೇ ಗಮನಿಸಿದ್ದರು. ಉಕ್ಕಿನಲ್ಲಿ ಕ್ರೋಮಿಯಂ ಕನಿಷ್ಠ 10.5 ಶೇಕಡಾ ಇದ್ದರೆ ಮೇಲ್ಮೈಯಲ್ಲಿ ತೆಳ್ಳನೆಯ ಕ್ರೋಮಿಯಂ ಆಕ್ಸೈಡ್ ಪೊರೆ ಹುಟ್ಟಿ ಒಳಗಿನ ಕಬ್ಬಿಣವನ್ನು ಕಾಯುತ್ತದೆ. 316 ಎಲ್‌ನಲ್ಲಿ ಕ್ರೋಮಿಯಂ 16ರಿಂದ 18 ಶೇಕಡಾ, ಜೊತೆಗೆ ನಿಕ್ಕಲ್, 2ರಿಂದ 3 ಶೇಕಡಾ ಮಾಲಿಬ್ಡಿನಂ. ಅಂದರೆ 'ಆಕ್ಸೈಡ್ ಆಗದ' ಉಕ್ಕನ್ನು ಕಾಯುವುದು ಒಂದು ಆಕ್ಸೈಡೇ.

ಕೊನೆಯ ತುಂಡು

'ದಾಬ್ಲ್' ಹೇಳಿಸುವುದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಇಲ್ಲಿ ಎರಡು ಅಭ್ಯಾಸ ಅಡ್ಡ ಬಂದವು. ಇಂಗ್ಲಿಷಿನ ದಾರಿಯಲ್ಲಿ ಬಂದ 'ಡಬಲ್' ಒಂದು. ಅದರಲ್ಲಿ 'ಬ' ಮತ್ತು 'ಲ' ನಡುವೆ ಸ್ವರ ನುಗ್ಗುತ್ತದೆ, ಜೊತೆಗೆ 'ಡ' ಬರುತ್ತದೆ. ಫ್ರೆಂಚಿನ 'ಡಿ' ನಾಲಿಗೆ ಹಲ್ಲಿಗೆ ತಾಗುವ ಧ್ವನಿ, ನಮ್ಮ 'ದ'. 'ಟಿ' ಕೂಡ ನಮ್ಮ 'ತ'. ಕನ್ನಡದವರು ನೇರವಾಗಿ ಕನ್ನಡದಿಂದ ಫ್ರೆಂಚಿಗೆ ಹೋದರೆ ಇವು ತಾನಾಗಿಯೇ ಸರಿ ಬರುತ್ತವೆ. ಇಂಗ್ಲಿಷನ್ನು ಸುತ್ತಿಕೊಂಡು ಹೋಗುವುದರಿಂದಲೇ 'ಡ', 'ಟ' ಬರುವುದು. ಇನ್ನೊಂದು ನಮ್ಮದೇ ಅಭ್ಯಾಸ. ಪದದ ಕೊನೆಗೆ 'ಉ' ಸೇರಿಸದೆ ನಮಗೆ ಸಮಾಧಾನ ಇಲ್ಲ: ಟೇಬಲ್ಲು, ಪಂಪು, ದಾಬ್ಲು.

ಕೊನೆಯ 'ಇ' ಅಕ್ಷರ ಬರವಣಿಗೆಯಲ್ಲಿ ಇದ್ದರೂ ಪ್ಯಾರಿಸ್ ಕಡೆ ಕೇಳಿಸುವುದಿಲ್ಲ. ಟುಲೂಸ್, ಮಾರ್ಸೇಯ ಕಡೆ ದಕ್ಷಿಣದವರು ಅದನ್ನು ಮೆಲ್ಲಗೆ ಹೇಳುತ್ತಾರೆ, ಆಗ ಇ-ನೊಕ್-ಸಿ-ದಾ-ಬ್ಲ ಅಂತ ಐದು ತುಂಡು. ಹಳೇ ಛಂದಸ್ಸಿನ ಕವಿತೆಯಲ್ಲೂ ಮುಂದೆ ವ್ಯಂಜನ ಬಂದರೆ ಅದನ್ನು ಎಣಿಸುತ್ತಾರೆ. ಹಾಗಾಗಿ ಈ ಪದದಲ್ಲಿ ಎಷ್ಟು ತುಂಡು ಅಂತ ಕೇಳಿದರೆ, ಯಾರ ಬಾಯಲ್ಲಿ, ಯಾವುದಕ್ಕಾಗಿ ಅಂತ ತಿರುಗಿ ಕೇಳಬೇಕಾಗುತ್ತದೆ.

ನಾವು ಹಿಡಿದ ದಾರಿ ಹಿಂದಿನಿಂದ ಕಟ್ಟುವುದು. ಮೊದಲು 'ದಾಬ್ಲ್', ಆಮೇಲೆ 'ಸಿದಾಬ್ಲ್', 'ನೊಕ್ಸಿದಾಬ್ಲ್', ಕೊನೆಗೆ 'ಇನೊಕ್ಸಿದಾಬ್ಲ್'. ಹೀಗೆ ಮಾಡಿದರೆ ಎರಡು ಲಾಭ. ಒತ್ತು ತಾನಾಗಿಯೇ ಕೊನೆಯ ತುಂಡಿನ ಮೇಲೆ ನಿಲ್ಲುತ್ತದೆ. 'ನೊ' ಒಟ್ಟಾಗಿ ನಾಲಿಗೆಗೆ ಕೂತ ಮೇಲೆ ಮುಂದೆ 'ಇ' ಸೇರಿಸಿದರೂ ಎನ್ ಹಿಂದಕ್ಕೆ ಜಾರುವುದಿಲ್ಲ.

'ಬ್ಲ್'ಗೆ ಇನ್ನೊಂದು ಉಪಾಯ ಮಾಡಿದೆವು. ಮುಂದೆ ಸ್ವರದಿಂದ ಶುರುವಾಗುವ ಪದ ಇಟ್ಟೆವು. 316 ಎಲ್ ಆಸ್ಟೆನಿಟಿಕ್ ಜಾತಿಯ ಉಕ್ಕು. ಆ ಹೆಸರು ಇಟ್ಟವರು ಫ್ರಾನ್ಸಿನ ಲೋಹತಜ್ಞ ಫ್ಲೋರಿಸ್ ಓಸ್ಮೊಂ, ಇಂಗ್ಲೆಂಡಿನ ರಾಬರ್ಟ್ಸ್-ಆಸ್ಟೆನ್ ಅವರ ಗೌರವಕ್ಕೆ. ಫ್ರೆಂಚಿನಲ್ಲಿ ಅದು 'ಓಸ್ತೆನಿತೀಕ್'. ಎರಡೂ ವಿಶೇಷಣ ಕೂಡಿದಾಗ 'ಇನೊಕ್ಸಿದಾ-ಬ್ಲೋ-ಸ್ತೆನಿತೀಕ್' ಆಗುತ್ತದೆ. 'ಬ್ಲ್' ಪೂರ್ತಿ ಮುಂದಿನ ಪದದ ಕಡೆ ಹೋಯಿತು! 'ಬ್ಲೇಡು' ಅನ್ನುವವರಿಗೆ 'ಬ್ಲೋ' ಕಷ್ಟವೇ ಅಲ್ಲ. ಇದನ್ನು ಸಲೀಸಾಗಿ ಹೇಳಿದ ಮೇಲೆ 'ಓಸ್ತೆನಿತೀಕ್' ಬಿಟ್ಟು ನಿಲ್ಲಿಸಿದರು. 'ಉ' ಬರಲಿಲ್ಲ.

'ಅಸ್ಯೇ' ಮತ್ತು 'ಇನೊಕ್ಸಿದಾಬ್ಲ್' ನಡುವೆ ಎರಡು ಸ್ವರ ಎದುರುಬದುರು ನಿಲ್ಲುತ್ತವೆ, ಏ ಮತ್ತು ಇ. ಕನ್ನಡದ ನಾಲಿಗೆ ಅಲ್ಲಿ ಯಕಾರ ತಂದು ಸೇರಿಸುತ್ತದೆ, ಆಗಮ ಸಂಧಿ ನಮ್ಮ ರಕ್ತದಲ್ಲೇ ಇದೆ. ಫ್ರೆಂಚ್ ಎರಡನ್ನೂ ಹಾಗೇ ಬಿಡುತ್ತದೆ, ನಡುವೆ ಉಸಿರು ಕಡಿಯುವುದಿಲ್ಲ. ಬಹುವಚನದಲ್ಲಿ ಬೇಕಿದ್ದರೆ 'ಜ಼್' ಸೇರಿಸಬಹುದು: 'ಲೆ-ಜ಼ಸ್ಯೇ-ಜ಼ಿ-ನೊಕ್ಸಿದಾಬ್ಲ್'. ಮೊದಲ ಜ಼ ಬಿಡುವಂತಿಲ್ಲ. ಎರಡನೆಯದು ಸಭೆಯ ಮಾತಿಗೆ ಚೆಂದ, ಫ್ಯಾಕ್ಟರಿಯ ಮಾತಿನಲ್ಲಿ ಬಿಡುತ್ತಾರೆ.

ಸಾಲಿನ ಕೊನೆಯಲ್ಲಿ ಒಡೆಯುವುದಾದರೆ

ಸ್ಲೈಡ್ ಸರಿ ಮಾಡುವಾಗ ಮುದ್ರಣದ ನಿಯಮಗಳನ್ನೂ ನೋಡಿದೆವು. ಫ್ರೆಂಚ್ ಮುದ್ರಕರು ಎರಡು ಸ್ವರಗಳ ನಡುವಿನ ಎಕ್ಸ್‌ನ ಹಿಂದೆಯೂ ಮುಂದೆಯೂ ಪದ ಒಡೆಯುವುದಿಲ್ಲ. ಒಂದೇ ಅಕ್ಷರವನ್ನು ಸಾಲಿನ ಕೊನೆಯಲ್ಲಿ ಒಂಟಿಯಾಗಿ ಬಿಡುವುದಿಲ್ಲ, ಹಾಗಾಗಿ ಮೊದಲ 'ಐ' ಆದ ಮೇಲೂ ಆಗದು. ಕೇಳಿಸದ 'ಇ' ಇರುವ ಕೊನೆಯ ತುಂಡನ್ನು ಮಾತ್ರ ಕೆಳಗಿನ ಸಾಲಿಗೆ ತಳ್ಳುವುದೂ ಅವರಿಗೆ ಇಷ್ಟವಿಲ್ಲ. ಉಚ್ಚಾರ ನೋಡಿ ಒಡೆಯುವವರಿಗೆ ಉಳಿಯುವುದು ಒಂದೇ ಒಳ್ಳೆಯ ಜಾಗ, 'ವೈ' ಮತ್ತು 'ಡಿ' ನಡುವೆ. ಮೇಲೆ 'ಇನೊಕ್ಸಿ', ಕೆಳಗೆ 'ದಾಬ್ಲ್'. ಪದದ ಮೂಲ ನೋಡಿ ಉಪಸರ್ಗದ ಬಳಿ ಒಡೆಯುವ ಪದ್ಧತಿಯೂ ಫ್ರೆಂಚಿನಲ್ಲಿ ಇದೆ, ಆಕೆ ಮಾಡಿದ್ದು ಅಂಥದ್ದೇ. ಓದಿ ಹೇಳಬೇಕಾದ ಸ್ಲೈಡ್‌ಗೆ ಮಾತ್ರ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಣ್ಣು ಕಂಡಲ್ಲಿ ಬಾಯಿ ನಿಲ್ಲುತ್ತದೆ.

ಮುಂದೇನಾಯಿತು

ನಂತರದ ಕಾಲ್‌ನಲ್ಲಿ ಅದೇ ಫೋನಿನವರು ಇದ್ದರು. ಈ ಸಲ ಮರುಪ್ರಶ್ನೆ ಬರಲಿಲ್ಲ. ಆಕೆ ಒಂದೆರಡು ಕಡೆ 'ಇನೊಕ್ಸ್' ಅಂತ ಚಿಕ್ಕ ರೂಪವನ್ನೂ ಬಳಸಿದರು. ಫ್ರಾನ್ಸಿನ ಅಡುಗೆಮನೆಯಿಂದ ವರ್ಕ್‌ಶಾಪಿನವರೆಗೆ ದಿನವೂ ಬಳಸುವ ಮಾತು ಅದು. ನಮ್ಮಲ್ಲಿ ಅದೇ ಹೆಸರಿನ ಸಿನಿಮಾ ಥಿಯೇಟರಿನ ನೆನಪಿಗೆ 'ಐನಾಕ್ಸ್' ಅನ್ನುತ್ತೇವೆ, ಫ್ರೆಂಚಿನಲ್ಲಿ ಮೊದಲ ಸ್ವರ 'ಇ'. ಅನುಮಾನ ಬಂದಲ್ಲಿ ಚಿಕ್ಕ ರೂಪವೇ ಸುರಕ್ಷಿತ ಅಂತ ನಾನೂ ಹೇಳುತ್ತೇನೆ.

ಎಲ್ಲವೂ ಸರಿಹೋಗಿಲ್ಲ. ವೇಗವಾಗಿ ಮಾತಾಡುವಾಗ 'ಡ' ಈಗಲೂ ಬರುತ್ತದೆ, 'ಅಸ್ಯೇ' ಆದ ಮೇಲೆ ಯಕಾರವೂ ಇಣುಕುತ್ತದೆ. ಅವುಗಳ ಹಿಂದೆ ಸದ್ಯಕ್ಕೆ ಬಿದ್ದಿಲ್ಲ. ಅವುಗಳಿಂದ ಅರ್ಥ ಕೆಡುವುದಿಲ್ಲ, ಕೇಳುವವರಿಗೆ 'ಹೊರಗಿನವರ ಉಚ್ಚಾರ' ಅನ್ನಿಸುತ್ತದೆ ಅಷ್ಟೇ. ಎನ್ ಎಲ್ಲಿ ಕೂರುತ್ತದೆ, ಒತ್ತು ಎಲ್ಲಿ ಬೀಳುತ್ತದೆ ಅನ್ನುವ ಎರಡನ್ನು ಮಾತ್ರ ಬಿಡದೆ ತಿದ್ದುತ್ತಿದ್ದೇವೆ. ಈಗ ಆಕೆ ತಮ್ಮ ಕ್ಯಾಟಲಾಗಿನಲ್ಲಿರುವ 'ಐ-ಎನ್', 'ಐ-ಎಮ್' ವಿಶೇಷಣಗಳನ್ನೆಲ್ಲ ಎರಡು ಪಟ್ಟಿ ಮಾಡುತ್ತಿದ್ದಾರೆ, ಮೂಗಿನವು ಒಂದು ಕಡೆ, ಮೂಗಿಲ್ಲದವು ಇನ್ನೊಂದು ಕಡೆ.